ಮಗು ಹುಟ್ಟುವ ಮೊದಲೇ ಹೇಳಿ: ಆರೋಗ್ಯ ಸಚಿವರಿಗೆ ಒಬ್ಬ ಅಜ್ಜಿಯ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಎಳೆ ಮಕ್ಕಳ ಉಸಿರಿಗೆ ಕುತ್ತಾಗುವ ಆರ್‌ಎಸ್‌ವಿ ವೈರಸ್ ಬಗ್ಗೆ ಬಸುರಿಯರಿಗೆ ಮೊದಲೇ ತಿಳಿಸುವ ಕುರಿತು.

ಮಾನ್ಯರೇ,

ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಊರು ಮಲೆನಾಡಿನ ಅಂಚಿನ ಒಂದು ಹಳ್ಳಿ. 31 ವರ್ಷ ಒಂದನೇ, ಎರಡನೇ ತರಗತಿಯ ಮಕ್ಕಳ ಜೊತೆ ಕಳೆದವಳಿಗೆ ನೆಗಡಿ, ಕೆಮ್ಮು, ಸುರಿಯುವ ಮೂಗು ಯಾವುದೂ ಹೊಸದಲ್ಲ. ಮಕ್ಕಳೆಂದ ಮೇಲೆ ನೆಗಡಿ ಇದ್ದದ್ದೇ ಎಂದು ಎಷ್ಟೋ ತಾಯಂದಿರಿಗೆ ನಾನೇ ಸಮಾಧಾನ ಹೇಳಿದ್ದೇನೆ. ಹೋದ ಮಳೆಗಾಲದಲ್ಲಿ ನನ್ನ ಮಗಳ ಮಗು, ಹುಟ್ಟಿ ಐವತ್ತನೇ ದಿನದ ರಾತ್ರಿ, ನನ್ನ ಮಡಿಲಲ್ಲೇ ಉಸಿರಿಗೆ ಒದ್ದಾಡಿತು. ಆ ಕಾಯಿಲೆಗೆ ಕಾರಣವಾದ ವೈರಸ್ಸಿನ ಹೆಸರನ್ನು ನಾನು ಆಸ್ಪತ್ರೆಯಲ್ಲೇ ಮೊದಲ ಸಲ ಕೇಳಿದ್ದು. ಆರ್‌ಎಸ್‌ವಿ. ಪೂರ್ತಿ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ನನ್ನ ಮಗಳು ಪದವಿ ಓದಿದವಳು, ಅವಳಿಗೂ ಗೊತ್ತಿರಲಿಲ್ಲ.

ಏನಾಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮಗಳು ಎರಡನೇ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗು. ದಿನ ತುಂಬಿ ಹುಟ್ಟಿದ್ದು, 2.8 ಕೆ.ಜಿ. ತೂಕ, ಏನೂ ತೊಂದರೆ ಇರಲಿಲ್ಲ. 43ನೇ ದಿನ ನಾಮಕರಣ ಇಟ್ಟುಕೊಂಡೆವು. ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಹೊರಗೆ ಜಡಿಮಳೆ, ಹಾಗಾಗಿ ಎಲ್ಲರೂ ನಡುಮನೆಯಲ್ಲೇ ಕಿಕ್ಕಿರಿದು ಕೂತಿದ್ದರು. ಮಗು ಕೈಯಿಂದ ಕೈಗೆ ಹೋಯಿತು. ಮುತ್ತು ಕೊಟ್ಟವರು ಎಷ್ಟು ಜನವೋ. ದೊಡ್ಡ ಮೊಮ್ಮಗನಿಗೆ ನಾಲ್ಕು ವರ್ಷ. ನಮ್ಮೂರ ಅಂಗನವಾಡಿಗೆ ಹೋಗಿಬರುತ್ತಿದ್ದ, ಅಲ್ಲಿಂದಲೇ ನೆಗಡಿ ತಂದುಕೊಂಡಿದ್ದ. ತಂಗಿ ಅಂದರೆ ಅವನಿಗೆ ಪ್ರಾಣ. ದಿನಕ್ಕೆ ಹತ್ತು ಸಲ ತೊಟ್ಟಿಲಿಗೆ ಬಗ್ಗಿ ಮುದ್ದು ಮಾಡುತ್ತಿದ್ದ. ಇನ್ನು ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ. ಅದನ್ನು ಹಾಕುತ್ತಿದ್ದವಳು ನಾನು. ನನ್ನ ಅಮ್ಮ ನನಗೆ ಹಾಗೇ ಹೇಳಿಕೊಟ್ಟಿದ್ದಳು. ಯಾರೂ ಮಗುವಿಗೆ ಕೆಟ್ಟದ್ದು ಬಯಸಿದವರಲ್ಲ. ಎಲ್ಲವೂ ಪ್ರೀತಿಯಿಂದಲೇ ನಡೆದದ್ದು.

45ನೇ ದಿನ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. 47ಕ್ಕೆ ಮೂಗು ಕಟ್ಟಿತು. ಚುಚ್ಚುಮದ್ದಿನಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಇಬ್ಬರು ಮೂವರು ಅಂದರು. ಅದು ತಪ್ಪು. ಈ ವೈರಸ್ ಸೋಂಕಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಕ್ಕೆ ಲಕ್ಷಣ ಕಾಣಿಸುತ್ತದೆ. ಹಿಂದಕ್ಕೆ ಎಣಿಸಿದರೆ ಲೆಕ್ಕ ನಾಮಕರಣದ ಹೊತ್ತಿಗೇ ಹೋಗಿ ನಿಲ್ಲುತ್ತದೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಸರಿಯಾಗಿ ಹೇಳುವವರಿಲ್ಲದಿದ್ದರೆ ಜನ ಸುಮ್ನೆ ಲಸಿಕೆಯ ಮೇಲೆ ತಪ್ಪು ಹೊರಿಸುತ್ತಾರೆ. ಮುಂದಿನ ಡೋಸಿಗೆ ಮಗುವನ್ನು ಕರೆತರುವುದೇ ಇಲ್ಲ.

48ನೇ ದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಎರಡು ನಿಮಿಷ ನೋಡಿದರು. ಒಂದು ಆಂಟಿಬಯಾಟಿಕ್, ಒಂದು ಕೆಮ್ಮಿನ ಸಿರಪ್ ಬರೆದುಕೊಟ್ಟರು. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚನೆ ಕೊಟ್ಟಿದ್ದನ್ನು ಪೇಪರಿನಲ್ಲಿ ಓದಿದೆ. ನಮ್ಮ ಮಗುವಿಗೆ ಆಗ 48 ದಿನ. ಕ್ಲಿನಿಕ್‌ನಲ್ಲಿ ಯಾರೂ ಮಗುವಿನ ಅಂಗಿ ಎತ್ತಿ ಎದೆ ನೋಡಲಿಲ್ಲ, ಉಸಿರು ಎಣಿಸಲಿಲ್ಲ. ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದೂ ಹೇಳಲಿಲ್ಲ. ನನಗೆ ಹೆಚ್ಚು ನೋವಾಗಿದ್ದು ಈ ಕೊನೆಯದಕ್ಕೆ.

50ನೇ ದಿನ ಮಗು ಮೊಲೆಗೆ ಬಾಯಿಟ್ಟು ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಮಧ್ಯಾಹ್ನದಿಂದ ಬಟ್ಟೆ ಒದ್ದೆಯಾಗಿರಲಿಲ್ಲ. ಜ್ವರ ಇರಲಿಲ್ಲ, ಅದಕ್ಕೇ ನಾವು ಧೈರ್ಯವಾಗಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳತೊಡಗಿತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಅಳುವುದಕ್ಕೂ ಶಕ್ತಿ ಇರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಆ ಮಳೆಯಲ್ಲೇ ಒಂದೂವರೆ ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಮಗಳು ಮಗುವಿನ ಎದೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಅಲ್ಲಿ ಒಳ್ಳೆಯ ಆರೈಕೆ ಸಿಕ್ಕಿತು. ಐದು ದಿನ ಆಮ್ಲಜನಕ. ಹಾಲು ಕುಡಿಯಲಾಗದೆ ಮೂಗಿನ ನಳಿಕೆಯಲ್ಲಿ ಮಗಳ ಎದೆಹಾಲನ್ನೇ ಹಿಂಡಿ ಕೊಟ್ಟರು. ಒಂಬತ್ತನೇ ದಿನ ಮನೆಗೆ ಬಂದೆವು. ಮಗು ಈಗ ಚೆನ್ನಾಗಿದೆ. ಡ್ಯೂಟಿಯಲ್ಲಿದ್ದ ವೈದ್ಯೆ, ನನ್ನ ಮಗಳ ವಯಸ್ಸಿನ ಹುಡುಗಿ, ಬಿಡುವಾದಾಗ ನನಗೆ ಬಿಡಿಸಿ ಹೇಳಿದಳು. ಶ್ವಾಸಕೋಶದ ತುದಿಯ ಸಣ್ಣ ಕೊಳವೆಗಳು ಊದಿಕೊಂಡು ಲೋಳೆ ಕಟ್ಟುತ್ತವೆ, ಇದಕ್ಕೆ ಬ್ರಾಂಕಿಯೋಲೈಟಿಸ್ ಅನ್ನುತ್ತಾರೆ. ದೊಡ್ಡವರಿಗೆ ಅದೇ ವೈರಸ್ ಬಂದರೆ ಹೆಚ್ಚಾಗಿ ಬರೀ ನೆಗಡಿ. ಎಳೆ ಮಗುವಿನ ಕೊಳವೆ ಎಷ್ಟು ಸಣ್ಣದೆಂದರೆ ಸ್ವಲ್ಪ ಊತಕ್ಕೇ ದಾರಿ ಮುಚ್ಚುತ್ತದೆ. ವೈರಸ್ಸನ್ನು ಕೊಲ್ಲುವ ಔಷಧಿ ಕೊಡುತ್ತಿಲ್ಲವೇ ಎಂದು ಕೇಳಿದೆ. "ಇಲ್ಲಮ್ಮ, ಉಸಿರು, ಹಾಲು, ಇವೆರಡನ್ನೇ ನೋಡಿಕೊಳ್ಳಬೇಕು. ವೈರಸ್ ತಾನಾಗೇ ಇಳಿಯಬೇಕು" ಅಂದಳು.

ಅದೇ ವಾರ್ಡಿನಲ್ಲಿ ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬಳು ತಾಯಿ ಇದ್ದಳು. ಏಳು ತಿಂಗಳಿಗೇ ಹುಟ್ಟಿದ ಗಂಡು ಮಗು ಅವಳದು. ನಾಲ್ಕು ದಿನದಲ್ಲಿ ಮೂರು ಕಡೆ ತೋರಿಸಿದ್ದಳು. ಯಾಕೆ ತಡವಾಗಿ ತಂದೆ ಎಂದು ನರ್ಸ್ ಕೇಳಿದ್ದಕ್ಕೆ, ಪ್ಲಾಸ್ಟಿಕ್ ಕವರಿನಿಂದ ಐದು ಔಷಧಿ ಬಾಟಲಿ ತೆಗೆದು ಕಿಟಕಿಯ ಮೇಲೆ ಸಾಲಾಗಿ ಇಟ್ಟಳು. ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಆ ಮಗುವನ್ನು ವೆಂಟಿಲೇಟರ್‌ಗೆಂದು ಬೇರೆ ಊರಿಗೆ ಕಳಿಸಿದರು. ಆಮೇಲೆ ಏನಾಯಿತೋ ನನಗೆ ತಿಳಿಯಲಿಲ್ಲ. ಆ ಬಾಟಲಿಗಳು ಎರಡು ದಿನ ಅಲ್ಲೇ ಇದ್ದವು.

ಮಾನ್ಯರೇ, ಮನೆಗೆ ಬಂದ ಮೇಲೆ ನಾನು ಈ ವಿಷಯವನ್ನು ಹುಡುಕಿ ಓದಿದೆ. ಮಗನ ಹತ್ತಿರ ಇಂಗ್ಲಿಷ್ ಲೇಖನಗಳ ಅರ್ಥ ಕೇಳಿ ಬರೆದಿಟ್ಟುಕೊಂಡೆ. ಇದು ಅಪರೂಪದ ಕಾಯಿಲೆಯೇ ಅಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಈ ವೈರಸ್ ಒಮ್ಮೆ ತಗುಲಿರುತ್ತದೆ. ಹೆಚ್ಚಿನವರಿಗೆ ನೆಗಡಿಯಷ್ಟೇ ಆಗಿ ಹೋಗುತ್ತದೆ. ಆದರೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜಿನ ಪ್ರಕಾರ, 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಇದರಿಂದ ಆಸ್ಪತ್ರೆ ಸೇರಿದರು. ಸುಮಾರು 1 ಲಕ್ಷ ಮಕ್ಕಳು ತೀರಿಕೊಂಡರು. ಅದರಲ್ಲಿ 45 ಸಾವಿರಕ್ಕೂ ಜಾಸ್ತಿ ಮಕ್ಕಳು ಆರು ತಿಂಗಳು ತುಂಬದವು. ಸತ್ತವರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಮಕ್ಕಳು ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳವರು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ, ಹೃದಯದ ತೊಂದರೆ ಇರುವ ಮಕ್ಕಳಿಗೆ ಅಪಾಯ ಜಾಸ್ತಿ, ನಿಜ. ಆದರೂ ಆಸ್ಪತ್ರೆ ಸೇರುವ ಬಹುಪಾಲು ಮಕ್ಕಳು ನಮ್ಮ ಮಗುವಿನ ಹಾಗೆ ಆರೋಗ್ಯವಾಗಿಯೇ ಹುಟ್ಟಿದವು.

ಮೊದಲ ದೂರು ಇದು. ಬಸುರಿಯಾಗಿದ್ದಾಗ ನನ್ನ ಮಗಳು ಒಂದು ತಪಾಸಣೆಯನ್ನೂ ತಪ್ಪಿಸಲಿಲ್ಲ. ಪ್ರತಿ ತಿಂಗಳ 9ನೇ ತಾರೀಕಿನ ತಪಾಸಣೆಗೂ ಹೋಗಿದ್ದಳು. ತಾಯಿ ಕಾರ್ಡ್ ತುಂಬಿದೆ. ಕಬ್ಬಿಣದ ಮಾತ್ರೆ, ಟಿಡಿ ಚುಚ್ಚುಮದ್ದು, ಬಿಪಿ, ತೂಕ, ಸ್ಕ್ಯಾನ್ ಎಲ್ಲವೂ ಬರೆದಿದೆ. ಹುಟ್ಟಿದ ಮಗುವಿನ ಹತ್ತಿರ ನೆಗಡಿಯಾದವರು ಸುಳಿಯಬಾರದು, ಮಗುವಿಗೆ ಮುತ್ತು ಕೊಡಬಾರದು, ಹೊಗೆ ಹಾಕಬಾರದು ಎಂದು ಒಂದೇ ಒಂದು ಮಾತನ್ನು ಯಾರೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ? ನಾಮಕರಣ ಮುಂದಕ್ಕೆ ಹಾಕುತ್ತಿದ್ದೆವು. ಮೊಮ್ಮಗನನ್ನು ಒಂದು ವಾರ ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದೆವು. ನಾನು ಸಾಂಬ್ರಾಣಿ ಮುಟ್ಟುತ್ತಿರಲಿಲ್ಲ. ಇದಕ್ಕೆಲ್ಲ ದುಡ್ಡು ಬೇಕಿರಲಿಲ್ಲ.

ನಮ್ಮ ಆಶಾ ಕಾರ್ಯಕರ್ತೆಯನ್ನು ನಾನು ದೂರುವುದಿಲ್ಲ. ಅವಳು ಬರಬೇಕಾದ ದಿನಗಳಲ್ಲೆಲ್ಲ ಬಂದಳು. 3, 7, 14, 21, 28, 42ನೇ ದಿನ. ತೂಕ ನೋಡಿದಳು, ಹೊಕ್ಕಳು ನೋಡಿದಳು. ತೊಂದರೆ ಇರುವುದು ನೀವು ಅವಳಿಗೆ ಕೊಟ್ಟ ಪಟ್ಟಿಯಲ್ಲಿ. 42ನೇ ದಿನ ಆದ ಮೇಲೆ ಅವಳ ಮುಂದಿನ ಮನೆ ಭೇಟಿ ಮೂರನೇ ತಿಂಗಳಿಗೆ. ಈ ವೈರಸ್ಸಿನಿಂದ ಮಕ್ಕಳು ಅತಿ ಹೆಚ್ಚಾಗಿ ಆಸ್ಪತ್ರೆ ಸೇರುವುದು ಹುಟ್ಟಿದ ಮೊದಲ ಕೆಲವೇ ತಿಂಗಳಲ್ಲಿ. ಅಪಾಯ ಜಾಸ್ತಿ ಇರುವ ಹೊತ್ತಿನಲ್ಲೇ ಒಂದೂವರೆ ತಿಂಗಳು ಮನೆಗೆ ಯಾರೂ ಬರುವುದಿಲ್ಲ. ನಮ್ಮ ಮಗು ಹುಷಾರು ತಪ್ಪಿದ್ದು ಸರಿಯಾಗಿ ಆ ಸಂದಿನಲ್ಲೇ.

ಇನ್ನೊಂದು ಮಾತು. ಮಕ್ಕಳ ನ್ಯುಮೋನಿಯಾ ತಡೆಯಲು ಕೇಂದ್ರದ 'ಸಾಂಸ್' ಅಭಿಯಾನ 2019ರಿಂದ ಇದೆ. ಒಳ್ಳೆಯ ಕೆಲಸ. ಅದು ನಡೆಯುವುದು ನವೆಂಬರ್ 12ರಿಂದ ಫೆಬ್ರವರಿ ಕೊನೆಯವರೆಗೆ. ದೆಹಲಿಯ ಚಳಿಗೆ ಈ ಲೆಕ್ಕ ಸರಿ. ದಕ್ಷಿಣದಲ್ಲಿ ಆರ್‌ಎಸ್‌ವಿ ಹೆಚ್ಚಾಗಿ ಮಳೆಯ ಜೊತೆಗೇ ಏರುತ್ತದೆ. ನಮ್ಮ ಕಡೆ ಜೂನ್‌ನಿಂದಲೇ ಬಾಗಿಲು ಕಿಟಕಿ ಮುಚ್ಚಿಕೊಂಡು, ಒಲೆಯ ಮುಂದೆ ಬಟ್ಟೆ ಒಣಗಿಸಿಕೊಂಡು ಕೂರುತ್ತೇವೆ. ಅಭಿಯಾನದ ಬ್ಯಾನರ್ ನಮ್ಮ ಉಪಕೇಂದ್ರಕ್ಕೆ ಬರುವಷ್ಟರಲ್ಲಿ ಮಳೆ ನಿಂತಿರುತ್ತದೆ.

2025ರ ಜನವರಿ ನೆನಪಿದೆಯಲ್ಲವೇ? ಬೆಂಗಳೂರಿನಲ್ಲಿ ಎರಡು ಎಳೆ ಮಕ್ಕಳಿಗೆ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಪತ್ತೆಯಾದಾಗ ಇಡೀ ರಾಜ್ಯ ಬೆಚ್ಚಿತು. ಟಿವಿಯಲ್ಲಿ ಹಗಲೂ ರಾತ್ರಿ ಅದೇ ಸುದ್ದಿ. ಇಲಾಖೆ ಕೂಡಲೇ ಸಲಹೆ ಹೊರಡಿಸಿತು, ಕೈ ತೊಳೆಯಿರಿ, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ ಎಂದು ಹೇಳಿತು. ಆರ್‌ಎಸ್‌ವಿ ಅದೇ ವಂಶದ ವೈರಸ್. ಎಳೆ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದರಲ್ಲಿ ಎಚ್‌ಎಂಪಿವಿಗಿಂತ ಎಷ್ಟೋ ಮುಂದಿದೆ, ವರ್ಷವರ್ಷವೂ ಬರುತ್ತದೆ. ಇದರ ಬಗ್ಗೆ ನಾನು ಒಂದು ಗೋಡೆ ಬರಹವನ್ನೂ ನೋಡಿಲ್ಲ. ಹೊಸ ಹೆಸರಿಗೆ ಹೆದರುತ್ತೇವೆ, ಹಳೆಯದನ್ನು ಕಫ ಅಂದುಕೊಂಡು ಸುಮ್ಮನಾಗುತ್ತೇವೆ. ಹಳೆಯದು ಎಂದರೆ ನಿಜಕ್ಕೂ ಹಳೆಯದು. ಇದನ್ನು ಮೊದಲು ಕಂಡುಹಿಡಿದದ್ದು 1956ರಲ್ಲಿ, ಅಮೆರಿಕದ ಒಂದು ಪ್ರಯೋಗಾಲಯದ ಚಿಂಪಾಂಜಿಗಳಲ್ಲಿ.

ಅಂದಿನಿಂದ ಲಸಿಕೆಗೆ ಪ್ರಯತ್ನ ನಡೆದೇ ಇತ್ತು. 1960ರ ದಶಕದಲ್ಲಿ ಮಾಡಿದ ಒಂದು ಲಸಿಕೆ ಮಕ್ಕಳಿಗೆ ಒಳ್ಳೆಯದರ ಬದಲು ಕೆಡುಕೇ ಮಾಡಿತು, ಇಬ್ಬರು ಮಕ್ಕಳು ತೀರಿಕೊಂಡರು. ಆಮೇಲೆ ಬಹಳ ವರ್ಷ ಕೆಲಸ ಹಿಂದೆ ಬಿತ್ತು. 2013ರಲ್ಲಿ ಈ ವೈರಸ್ಸಿನ ಒಂದು ಪ್ರೋಟೀನ್ ಜೀವಕೋಶದ ಜೊತೆ ಬೆಸೆದುಕೊಳ್ಳುವ ಮೊದಲು ಯಾವ ಆಕಾರದಲ್ಲಿ ಇರುತ್ತದೆ ಎಂಬುದು ಗೊತ್ತಾಯಿತು. ಅದರಿಂದ ದಾರಿ ತೆರೆಯಿತು. ಈಗ ಎರಡು ರೀತಿಯ ರಕ್ಷಣೆ ಇದೆ. ಒಂದು, ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ, ಅಬ್ರಿಸ್ವೊ. ತಾಯಿಯ ಮೈಯಲ್ಲಿ ತಯಾರಾದ, ವೈರಸ್ಸಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಹೊಕ್ಕಳಬಳ್ಳಿಯ ಮೂಲಕ ಮಗುವಿಗೆ ಸೇರುತ್ತವೆ. ಮಗು ರಕ್ಷಣೆಯ ಜೊತೆಗೇ ಹುಟ್ಟುತ್ತದೆ. ಇನ್ನೊಂದು, ಹುಟ್ಟಿದ ಮಗುವಿಗೇ ಒಂದು ಸಲ ಕೊಡುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು. ಎರಡಕ್ಕೂ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು.

ಇವು ಶ್ರೀಮಂತ ದೇಶಗಳ ಮಾತು ಎನ್ನಬೇಡಿ. ಅರ್ಜೆಂಟೀನಾ 2024ರಲ್ಲಿ ಬಸುರಿಯರಿಗೆ ಈ ಲಸಿಕೆಯನ್ನು ಸರ್ಕಾರದ ಕಾರ್ಯಕ್ರಮದಲ್ಲೇ ಸೇರಿಸಿ ಉಚಿತವಾಗಿ ಕೊಟ್ಟಿತು. ಹುಟ್ಟಿದ ಆರು ತಿಂಗಳೊಳಗೆ ಆಸ್ಪತ್ರೆ ಸೇರುವುದನ್ನು ಅದು ನೂರಕ್ಕೆ 70ರಷ್ಟು ತಡೆಯಿತು ಎಂದು ಅಲ್ಲಿನ ಅಧ್ಯಯನ ತೋರಿಸಿದೆ. ಸ್ಪೇನಿನ ಗಲಿಸಿಯಾ ಪ್ರಾಂತ್ಯದಲ್ಲಿ 2023ರ ಚಳಿಗಾಲದಲ್ಲಿ ಮಕ್ಕಳಿಗೆ ನಿರ್ಸೆವಿಮ್ಯಾಬ್ ಕೊಟ್ಟಾಗ ಆಸ್ಪತ್ರೆ ಸೇರುವುದು ನೂರಕ್ಕೆ 80ರಷ್ಟು ತಪ್ಪಿತು. ವಿಶ್ವ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳಲ್ಲಿ ಎಲ್ಲ ದೇಶಗಳೂ ಇವೆರಡರಲ್ಲಿ ಒಂದನ್ನಾದರೂ ತರಬೇಕು ಎಂದು ಹೇಳಿತು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಎರಡೂ ಇಲ್ಲ.

ಲಸಿಕೆಯ ಬಗ್ಗೆ ಮುಚ್ಚುಮರೆ ಬೇಡ. ಬಸುರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ ಮೊದಲೇ ಆದ ಹೆರಿಗೆಗಳು ಸ್ವಲ್ಪ ಹೆಚ್ಚು ಕಂಡಿದ್ದವು. ಲಸಿಕೆಯಿಂದಲೇ ಹಾಗಾಯಿತು ಎಂದು ಸಾಬೀತಾಗಿಲ್ಲ. ಆದರೂ ಅಮೆರಿಕದವರು ಎಚ್ಚರಿಕೆಯಿಂದ 32ರಿಂದ 36ನೇ ವಾರದ ನಡುವೆ ಮಾತ್ರ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 28ನೇ ವಾರದಿಂದ ಕೊಡಬಹುದು ಎನ್ನುತ್ತದೆ. ನಮ್ಮ ತಜ್ಞರು ಕೂತು ನಮ್ಮ ತಾಯಂದಿರಿಗೆ ಯಾವುದು ಸರಿ ಎಂದು ತೀರ್ಮಾನಿಸಲಿ. ಅಳೆದು ತೂಗಿ ತೀರ್ಮಾನಿಸಲಿ, ನನ್ನದೇನೂ ಆಕ್ಷೇಪವಿಲ್ಲ. ಆ ಚರ್ಚೆ ಶುರುವಾಗಲಿ ಎಂಬುದೇ ನನ್ನ ಬೇಡಿಕೆ.

ಖರ್ಚಿನ ಮಾತು ಬರುತ್ತದೆ ಎಂದು ಗೊತ್ತು. ಮಕ್ಕಳ ಭೇದಿ ತಡೆಯುವ ರೋಟಾವೈರಸ್ ಲಸಿಕೆಗೂ ಇದೇ ಮಾತು ಬಂದಿತ್ತು. ಹೈದರಾಬಾದಿನಲ್ಲೇ ಕಡಿಮೆ ಬೆಲೆಯ ಲಸಿಕೆ ತಯಾರಾಯಿತು. 2016ರಿಂದ ಸರ್ಕಾರಿ ಕಾರ್ಯಕ್ರಮಕ್ಕೆ ಬಂತು. ನನ್ನ ಮೊಮ್ಮಗಳಿಗೆ 45ನೇ ದಿನ ಬಾಯಿಗೆ ಹಾಕಿದ್ದೂ ರೋಟಾ ಲಸಿಕೆಯೇ. ನ್ಯುಮೋನಿಯಾ ತಡೆಯುವ ಪಿಸಿವಿಯೂ ಹಾಗೇ ಬಂತು. ಲಸಿಕಾ ಪಟ್ಟಿ ಕೇಂದ್ರದ ಕೈಯಲ್ಲಿದೆ ಎನ್ನುವುದೂ ಗೊತ್ತು. ಆದರೆ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಪುಟ್ಟ ಸಿಕ್ಕಿಂ 2018ರಲ್ಲೇ ಶುರು ಮಾಡಿತು, ದೇಶವೆಲ್ಲ ಬರಲಿ ಎಂದು ಕಾಯಲಿಲ್ಲ. ಕರ್ನಾಟಕಕ್ಕೆ ಅಷ್ಟು ಶಕ್ತಿ ಇಲ್ಲವೇ? ಎಲ್ಲರಿಗೂ ಒಮ್ಮೆಲೇ ಬೇಡ. ಮಳೆ ಜಾಸ್ತಿ ಇರುವ, ದೊಡ್ಡ ಆಸ್ಪತ್ರೆ ದೂರವಿರುವ ಒಂದೆರಡು ಜಿಲ್ಲೆಗಳಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳಿಂದಾದರೂ ಶುರು ಮಾಡಿ. ಕೇಂದ್ರದ ಲಸಿಕಾ ಸಲಹಾ ಸಮಿತಿಗೆ ರಾಜ್ಯದ ಪರವಾಗಿ ಪತ್ರ ಬರೆಯಿರಿ.

ಲಸಿಕೆಗೆ ಸಮಯ ಹಿಡಿಯುತ್ತದೆ. ಮಾತಿಗೆ ಹಿಡಿಯುವುದಿಲ್ಲ. ತಾಯಿ ಕಾರ್ಡಿನಲ್ಲಿ ಇದಕ್ಕೆಂದು ಒಂದು ಪುಟ ಕೊಡಿ, ಚಿತ್ರದ ಜೊತೆ. ಓದಲು ಬಾರದ ತಾಯಿಯೂ ಪಕ್ಕೆ ಸೆಳೆಯುವುದು ಹೇಗಿರುತ್ತದೆ ಎಂದು ನೋಡಿ ತಿಳಿಯಬೇಕು. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ, ಎರಡು ತಿಂಗಳಿನಿಂದ ಒಂದು ವರ್ಷದ ಮಗು 50 ಮುಟ್ಟಿದರೆ ತಡಮಾಡಬಾರದು. ಈ ಲೆಕ್ಕ ಆಶಾಗೆ ಗೊತ್ತು, ಅಮ್ಮಂದಿರಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಒಂದು ನಿಮಿಷ ನೋಡಿಕೊಂಡು ಹೊಟ್ಟೆ ಏರಿಳಿಯುವುದನ್ನು ಎಣಿಸಿದರಾಯಿತು, ಯಾರು ಬೇಕಾದರೂ ಕಲಿಯಬಹುದು. ಏಳನೇ ತಿಂಗಳ ತಪಾಸಣೆಯಲ್ಲಿ ಬಸುರಿಯ ಜೊತೆ ಬಂದ ಅತ್ತೆ ಅಥವಾ ಅಮ್ಮನನ್ನೂ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ. ಬಾಣಂತನ ಮಾಡುವವರು ನಾವು. ಬಾಣಂತಿಗೆ ಮಾತ್ರ ಹೇಳಿದರೆ ಅವಳು ಹಿರಿಯರ ಮುಂದೆ ಬಾಯಿ ಬಿಡುವುದಿಲ್ಲ. ಮಗುವಿಗೆ ಮುತ್ತು ಕೊಡಬೇಡಿ ಎಂದು ಸೋದರಮಾವನಿಗೆ, ಅತ್ತಿಗೆಗೆ ಅವಳು ಹೇಗೆ ಹೇಳುತ್ತಾಳೆ? ಅಜ್ಜಿ ಹೇಳಬೇಕು. ಅಜ್ಜಿಗೆ ನೀವು ಹೇಳಬೇಕು.

ಆಶಾಗಳಿಗೆ 42ನೇ ದಿನ ಮತ್ತು ಮೂರನೇ ತಿಂಗಳ ನಡುವೆ ಇನ್ನೊಂದು ಭೇಟಿ ಸೇರಿಸಿ, ಅದಕ್ಕೆ ಅವರಿಗೆ ಸಲ್ಲಬೇಕಾದ ದುಡ್ಡನ್ನೂ ಸೇರಿಸಿ. ದುಡ್ಡಿಲ್ಲದ ಕೆಲಸ ಅವರ ತಲೆಗೆ ಈಗಲೇ ಬೇಕಾದಷ್ಟಿದೆ. ನಮ್ಮ ರಾಜ್ಯದಲ್ಲಿ ಸಾಂಸ್ ಅಭಿಯಾನವನ್ನು ಜೂನ್‌ಗೆ ತನ್ನಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ರಕ್ತದ ಆಮ್ಲಜನಕ ಅಳೆಯುವ, ಎಳೆ ಮಕ್ಕಳ ಕಾಲಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇರಲಿ. ದೊಡ್ಡವರ ಬೆರಳಿನದ್ದು ಮಗುವಿಗೆ ಸರಿಯಾಗಿ ಕೂರುವುದಿಲ್ಲ. ಹಾಗೆಯೇ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಾದರೂ ಆರ್‌ಎಸ್‌ವಿ ಪರೀಕ್ಷೆ ಮಾಡಿ ಲೆಕ್ಕ ಇಡಿ. ಪರೀಕ್ಷೆ ಮಾಡಿದರೂ ಬಿಟ್ಟರೂ ಚಿಕಿತ್ಸೆ ಒಂದೇ, ಹಾಗಾಗಿ ಎಷ್ಟೋ ಕಡೆ ಮಾಡುವುದಿಲ್ಲ ಎಂದು ಆ ವೈದ್ಯೆ ಹೇಳಿದಳು. ಕಾಫಿ ತೋಟದ ಆ ತಾಯಿಯ ಮಗು ನಿಮ್ಮ ದಾಖಲೆಯಲ್ಲಿ ಬರೀ ನ್ಯುಮೋನಿಯಾ ಎಂದಷ್ಟೇ ಇರಬಹುದು. ಲೆಕ್ಕವೇ ಇಲ್ಲದ ಕಾಯಿಲೆಗೆ ಬಜೆಟ್‌ನಲ್ಲಿ ದುಡ್ಡು ಯಾರು ಇಡುತ್ತಾರೆ?

ಮಾನ್ಯರೇ, ನನ್ನ ಸೊಸೆ ಈಗ ಐದು ತಿಂಗಳ ಬಸುರಿ. ಇನ್ನೆರಡು ತಿಂಗಳಿಗೆ ಅವಳಿಗೆ 28 ವಾರ ತುಂಬುತ್ತದೆ. ಅವಳ ತಾಯಿ ಕಾರ್ಡಿನಲ್ಲೂ ಆರ್‌ಎಸ್‌ವಿ ಎಂಬ ಪದ ಇಲ್ಲ. ಹಿಂದಿನ ಖಾಲಿ ಜಾಗದಲ್ಲಿ ನಾನೇ ಪೆನ್ನಿನಿಂದ ಬರೆದಿಟ್ಟಿದ್ದೇನೆ: ಕೈ ತೊಳೆಯದೆ ಮುಟ್ಟಬಾರದು, ನೆಗಡಿಯವರು ದೂರ, ಮುತ್ತು ಬೇಡ, ಹೊಗೆ ಬೇಡ, ಎದೆಹಾಲು ಬಿಡಬಾರದು, ಹಾಲು ಬಿಟ್ಟರೆ ಅಥವಾ ಪಕ್ಕೆ ಸೆಳೆದರೆ ಆ ಗಳಿಗೆಯಲ್ಲೇ ಆಸ್ಪತ್ರೆ. ಕೆಳಗೆ "ಆರ್‌ಎಸ್‌ವಿ ಲಸಿಕೆ, ದಿನಾಂಕ" ಎಂದು ಬರೆದು ಮುಂದೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವುದು ನಿಮ್ಮ ಇಲಾಖೆಯ ಕೈಯಲ್ಲಿದೆ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ